ಯುದ್ಧ ಮುಗಿದ ಮೇಲೆ ಮಾಡಿದ ಪದಕ ನಕಲಿಯೇ?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳೇ ಮನೆಗಳಲ್ಲಿ ಟ್ರಂಕು ತೆಗೆದಾಗ ತಾತನ ಕಾಲದ ಮಿಲಿಟರಿ ಪದಕ ಸಿಕ್ಕರೆ, ಅದರ ಬಗ್ಗೆ ತಲೆಗೊಂದು ಮಾತು ಹುಟ್ಟುತ್ತದೆ. ಹೆಚ್ಚಿನವು ಸುಳ್ಳು. ಅವನ್ನು ನಂಬಿ ಎಷ್ಟೋ ಪದಕಗಳು ಕರಗಿಹೋಗಿವೆ.

ತಪ್ಪು ಕಲ್ಪನೆ: ಯುದ್ಧ ಮುಗಿದ ಮೇಲೆ ತಯಾರಾದದ್ದು ಅಸಲಿಯಲ್ಲ.

ಸತ್ಯ: ಹಾಗಾದರೆ ನಮ್ಮ ಮನೆಗಳಲ್ಲಿರುವ ಬಹುಪಾಲು ಪದಕಗಳನ್ನು ನಕಲಿ ಎನ್ನಬೇಕಾಗುತ್ತದೆ. ಮೊದಲ ಮಹಾಯುದ್ಧದ ಬೆಳ್ಳಿಯ ‘ಬ್ರಿಟಿಷ್ ವಾರ್ ಮೆಡಲ್’ ಘೋಷಣೆಯಾದದ್ದು 1919ರಲ್ಲಿ, ಅಂದರೆ ಕದನ ನಿಂತ ಮೇಲೆ. ‘ಇಂಡಿಯಾ ಸರ್ವೀಸ್ ಮೆಡಲ್’ ಮೇಲೆ 1939–45 ಎಂದಿದ್ದರೂ ಅದು ಬಂದದ್ದು 1946ರಲ್ಲಿ. ಪದಕದ ಮೇಲಿನ ಇಸವಿ ಸೇವೆಯದು, ಟಂಕಸಾಲೆಯದಲ್ಲ.

ಜರ್ಮನಿಯ ಪದಕ ಸಂಗ್ರಹಿಸುವವರಿಗೆ ಈ ಗೊಂದಲ ಇನ್ನೂ ಹೆಚ್ಚು. ಹಿಟ್ಲರ್ ಕಾಲದ ಪದಕಗಳಲ್ಲಿ ಸ್ವಸ್ತಿಕವಿತ್ತು. ಯುದ್ಧಾನಂತರ ಅವನ್ನು ಧರಿಸುವಂತಿರಲಿಲ್ಲ. ಪಶ್ಚಿಮ ಜರ್ಮನಿ 1957ರ ಜುಲೈ 26ರ ಕಾನೂನಿನಲ್ಲಿ ಸ್ವಸ್ತಿಕ ತೆಗೆದ ರೂಪಕ್ಕೆ ಅನುಮತಿ ಕೊಟ್ಟಿತು. ‘ಐರನ್ ಕ್ರಾಸ್’ ಪದಕದ ನಡುವೆ ಓಕ್ ಎಲೆಗಳ ಗೊಂಚಲು ಬಂತು, ಕೆಳಗಿನ 1939 ಹಾಗೇ ಉಳಿಯಿತು. ಮಾಜಿ ಸೈನಿಕರು ಲ್ಯೂಡೆನ್‌ಶೈಡ್‌ನಂಥ ಊರುಗಳ ಕಾರ್ಖಾನೆಗಳಲ್ಲಿ ತಯಾರಾದ ಇವನ್ನು ಕೊಂಡು ಧರಿಸಿದರು. 1912ರಲ್ಲಿ ಶುರುವಾದ ಜರ್ಮನ್ ಕ್ರೀಡಾ ಬ್ಯಾಡ್ಜ್‌ನ ಕಥೆಯೂ ಇದೇ: ಸರ್ಕಾರ ಬದಲಾದಂತೆ ಹಾರದೊಳಗಿನ ಅಕ್ಷರಗಳು ಬದಲಾದವು, ಸ್ವಸ್ತಿಕ ಸೇರಿತು, ಮತ್ತೆ ಹೋಯಿತು. ಆ ಬ್ಯಾಡ್ಜ್ ಇವತ್ತಿಗೂ ಕೊಡುತ್ತಾರೆ. 1957ರ ಪದಕವನ್ನು ಅದೇ ಹೆಸರಿನಲ್ಲಿ ಮಾರಿದರೆ ಅದು ಅಸಲಿಯೇ; ಯುದ್ಧಕಾಲದ್ದೆಂದು ಮಾರಿದರೆ ಮಾತ್ರ ಮೋಸ.

ನಮ್ಮಲ್ಲೂ ಇಂಥ ಸಂಧಿಕಾಲದ ಸಾಕ್ಷಿಯಿದೆ. 1947ರ ಸ್ವಾತಂತ್ರ್ಯ ಪದಕದ ಒಂದು ಮುಖದಲ್ಲಿ ಅಶೋಕ ಚಕ್ರ, ಅದರ ಮೇಲೆ ಬ್ರಿಟಿಷ್ ಕಿರೀಟ. ಎರಡೂ ಒಟ್ಟಿಗಿವೆಯೆಂದು ಅನುಮಾನಪಡಬೇಡಿ.

ತಪ್ಪು ಕಲ್ಪನೆ: ಪದಕವಿದ್ದರೆ ಶೌರ್ಯ ಪ್ರಶಸ್ತಿಯೇ.

ಸತ್ಯ: ಹೆಚ್ಚಿನವು ಆಯಾ ಯುದ್ಧದಲ್ಲಿ ನಿಗದಿತ ಸೇವೆ ಸಲ್ಲಿಸಿದ ಎಲ್ಲರಿಗೂ ಕೊಟ್ಟವು. ಇದರಿಂದ ತಾತನ ಗೌರವವೇನೂ ಕುಂದುವುದಿಲ್ಲ.

ತಪ್ಪು ಕಲ್ಪನೆ: ಬೆಲೆ ಲೋಹದಲ್ಲಿದೆ.

ಸತ್ಯ: ಎರಡನೇ ಮಹಾಯುದ್ಧದ ನಕ್ಷತ್ರಾಕಾರದವು ತಾಮ್ರ ಬೆರೆತ ಲೋಹ, ಇಂಡಿಯಾ ಸರ್ವೀಸ್ ಮೆಡಲ್ ತಾಮ್ರ-ನಿಕ್ಕಲ್. ತೂಕಕ್ಕೆ ಹಾಕಿದರೆ ಕಾಸು ಹುಟ್ಟದು. ನಿಜವಾದ ಬೆಲೆ ಅಂಚಿನಲ್ಲಿದೆ. ದುಂಡನೆಯ ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ಸುತ್ತಿಸಿ. ಸಂಖ್ಯೆ, ಹುದ್ದೆ, ಹೆಸರು, ಪಡೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ನಕ್ಷತ್ರದಲ್ಲಾದರೆ ಹಿಂಬದಿ ನೋಡಿ: ಬ್ರಿಟಿಷ್ ಸೈನಿಕರ ನಕ್ಷತ್ರಗಳಿಗೆ ಹೆಸರು ಕೆತ್ತಿರಲಿಲ್ಲ, ಭಾರತೀಯರವಕ್ಕೆ ಸಾಮಾನ್ಯವಾಗಿ ಕೆತ್ತಿದ್ದರು.

ಆ ಹೆಸರು ಎಷ್ಟು ಮುಖ್ಯ ಎಂಬುದಕ್ಕೊಂದು ಉದಾಹರಣೆ: ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಸಂಸ್ಥಾನದವು. ಆ ಪಡೆಯ ಹೆಸರಿರುವ ಅಂಚು ಸಿಕ್ಕರೆ ಅದೊಂದು ಚರಿತ್ರೆಯ ದಾಖಲೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಮೊದಲು ಸವೆಯುವುದು ಅಕ್ಷರ. ಹಳೇ ಸಾಮಾನಿನವರು ಬಾಗಿಲಿಗೆ ಬರುವ ಮೊದಲೇ ಆ ಹೆಸರನ್ನು ಓದಿಸಿ, ಬರೆದಿಟ್ಟುಕೊಳ್ಳಿ.