ಜನಾಂಗೀಯ ಪಡಿಯಚ್ಚು ಕಲ್ಪನೆಗಳು: ಮೂರು ತಲೆಮಾರುಗಳ ಸಾಕ್ಷ್ಯ

ಜನಾಂಗವೊಂದನ್ನು ಕುರಿತ ಪಡಿಯಚ್ಚು ಕಲ್ಪನೆಗಳು ಕಾಲಾಂತರದಲ್ಲಿ ಅಳಿಯುತ್ತವೆಯೇ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೂರು ಅಧ್ಯಯನಗಳು ಈ ಪ್ರಶ್ನೆಗೆ ಮುಖ್ಯ ಆಕರಗಳಾಗಿವೆ. ಕಾಟ್ಸ್ ಮತ್ತು ಬ್ರೇಲಿ ಅವರು 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ವಿದ್ಯಾರ್ಥಿಗಳಿಗೆ 84 ಗುಣವಾಚಕಗಳ ಪಟ್ಟಿಯನ್ನು ನೀಡಿ, ಹತ್ತು ಸಮುದಾಯಗಳಿಗೆ ಒಪ್ಪುವ ಪದಗಳನ್ನು ಆರಿಸುವಂತೆ ಸೂಚಿಸಲಾಗಿತ್ತು. ಕಪ್ಪುಜನರಿಗೆ ‘ಸೋಮಾರಿ’ ಎಂಬ ಪದವನ್ನು ಶೇ. 75ರಷ್ಟು ಮಂದಿ ಆರಿಸಿದ್ದರು. ಗಿಲ್ಬರ್ಟ್ ಅವರ 1951ರ ಅಧ್ಯಯನದಲ್ಲಿ ಈ ಪ್ರಮಾಣ ಶೇ. 31ಕ್ಕೂ, ಕಾರ್ಲಿನ್ಸ್ ಮತ್ತು ಸಂಗಡಿಗರ 1969ರ ಅಧ್ಯಯನದಲ್ಲಿ ಶೇ. 26ಕ್ಕೂ ಇಳಿಯಿತು. 1951ರ ವಿದ್ಯಾರ್ಥಿಗಳಲ್ಲಿ ಹಲವರು ಇಂತಹ ಸಾಮಾನ್ಯೀಕರಣವನ್ನೇ ಆಕ್ಷೇಪಿಸಿದ್ದರು. ಅಂಕಿಗಳಿಗಿಂತ ಈ ಆಕ್ಷೇಪವೇ ಹೆಚ್ಚು ಅರ್ಥಪೂರ್ಣವೆಂದು ತೋರುತ್ತದೆ.

ಆದರೆ ಇದನ್ನು ಕೇವಲ ಅಳಿವಿನ ಕಥೆಯೆನ್ನಲಾಗದು. ಕಪ್ಪುಜನರು ‘ಸಂಗೀತಪ್ರವೃತ್ತಿಯವರು’ ಎಂದವರ ಪ್ರಮಾಣ ಇದೇ ಅವಧಿಯಲ್ಲಿ ಶೇ. 26ರಿಂದ 33ಕ್ಕೆ, ಅನಂತರ 47ಕ್ಕೆ ಏರಿತು. ಹಳೆಯ ನಿಂದೆಯ ಸ್ಥಾನದಲ್ಲಿ ಸೌಮ್ಯವಾದ ಮತ್ತೊಂದು ಅಚ್ಚು ಬಂದು ಕುಳಿತಿತು.

ಡಿವೈನ್ ಮತ್ತು ಎಲಿಯಟ್ 1995ರಲ್ಲಿ ವಿಧಾನದ ದೋಷವೊಂದನ್ನು ಎತ್ತಿ ತೋರಿಸಿದರು: ಸಮಾಜ ಹೇಳುವುದನ್ನು ಬಲ್ಲವರೆಲ್ಲರೂ ಅದನ್ನು ನಂಬುವವರಲ್ಲ. ಇವೆರಡನ್ನು ಪ್ರತ್ಯೇಕವಾಗಿ ಕೇಳಿದಾಗ, ವೈಯಕ್ತಿಕ ನಂಬಿಕೆಗಳು ಬಹುಮಟ್ಟಿಗೆ ಅನುಕೂಲಕರವಾಗಿದ್ದರೂ, ಹಳೆಯ ಪಡಿಯಚ್ಚಿನ ಅರಿವು ಹೊಸ ತಲೆಮಾರಿನಲ್ಲಿಯೂ ಸ್ಪಷ್ಟವಾಗಿ ಉಳಿದಿತ್ತು.