ಹತ್ತಿಗೆ ಕೋಟಾ ತಂದ ವಕೀಲರು

ಧಾರಣೆ ಬಿದ್ದಾಗಲೆಲ್ಲ "ಹುಟ್ಟುವಳಿಯನ್ನೇ ಕಡಿಮೆ ಮಾಡಬೇಕು" ಎಂಬ ಮಾತು ಬೆಳೆಗಾರರ ಸಭೆಗಳಲ್ಲಿ ಏಳುತ್ತದೆ. ಅದನ್ನು ಕಾನೂನು ಮಾಡಿಯೇ ನೋಡಿದವರು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ವಕೀಲ ಜಾನ್ ಬ್ಯಾಂಕ್‌ಹೆಡ್. ಅವರ ವೃತ್ತಾಂತ ಸದಸ್ಯ ಬೆಳೆಗಾರರಿಗೆ ತಿಳಿದಿರಬೇಕಾದದ್ದು.

ಇವರು ಜನಿಸಿದ್ದು 1872ರಲ್ಲಿ. ಇದೇ ಹೆಸರಿನ ತಂದೆಯವರೂ ರಾಜಕಾರಣಿ, ಸೆನೆಟರ್ ಆಗಿದ್ದವರು. ಮಗ ಜಾಸ್ಪರ್ ಎಂಬ ಊರಿನಲ್ಲಿ ವಕೀಲಿ ಮಾಡುತ್ತ 1903ರಲ್ಲಿ ರಾಜ್ಯದ ಶಾಸನಸಭೆಗೆ ಹೋದರು. 1901ರ ಅಲಬಾಮಾ ಸಂವಿಧಾನ ಕಪ್ಪು ಜನರ ಮತ್ತು ಅನೇಕ ಬಡ ಬಿಳಿಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತ್ತು. ಅದಕ್ಕೆ ತಕ್ಕ ಚುನಾವಣಾ ಕಾನೂನನ್ನು ರೂಪಿಸಿದವರು ಇದೇ ಬ್ಯಾಂಕ್‌ಹೆಡ್. ಇದನ್ನು ಮರೆತು ಅವರನ್ನು ಹೊಗಳುವುದು ನ್ಯಾಯವಲ್ಲ. 1926ರಲ್ಲಿ ಸೆನೆಟ್ಟಿಗೆ ನಿಂತು ಸೋತರು, 1930ರಲ್ಲಿ ಗೆದ್ದರು.

1929ರಲ್ಲಿ ಪೌಂಡಿಗೆ 16 ಸೆಂಟಿನ ಮೇಲಿದ್ದ ಹತ್ತಿ, 1931ರಲ್ಲಿ 6 ಸೆಂಟಿನ ಆಸುಪಾಸಿಗೆ ಇಳಿದಿತ್ತು. 1933ರಲ್ಲಿ ಸರ್ಕಾರ ಪರಿಹಾರ ಕೊಟ್ಟು ಸುಮಾರು 1 ಕೋಟಿ ಎಕರೆಯ ನಿಂತ ಬೆಳೆಯನ್ನು ಉಳಿಸಿ ಹಾಕಿಸಿತು. ಆದರೆ ಒಬ್ಬ ಕಡಿಮೆ ಮಾಡಿದರೆ ಪಕ್ಕದವನು ಹೆಚ್ಚು ಬೆಳೆದರೇನು ಗತಿ? ಬ್ಯಾಂಕ್‌ಹೆಡ್ ಇದಕ್ಕೆ ಹೂಡಿದ ಉಪಾಯವೇ 1934ರ ಹತ್ತಿ ನಿಯಂತ್ರಣ ಕಾನೂನು. ಕೆಳಮನೆಯಲ್ಲಿದ್ದ ತಮ್ಮ ವಿಲಿಯಂ ಅವರಿಗೆ ಜೊತೆಯಾದರು.

ವ್ಯವಸ್ಥೆ ಹೀಗಿತ್ತು. ಇಡೀ ದೇಶಕ್ಕೆ 1 ಕೋಟಿ ಬೇಲ್ ಮಿತಿ. ಅದು ರಾಜ್ಯಕ್ಕೆ, ಜಿಲ್ಲೆಗೆ, ಕಡೆಗೆ ಒಬ್ಬೊಬ್ಬ ರೈತನ ಹೊಲಕ್ಕೆ ಹಂಚಿಕೆಯಾಗಿ ಸರ್ಟಿಫಿಕೇಟು ಬರುತ್ತಿತ್ತು. ಹತ್ತಿ ಬಿಡಿಸುವ ಗಿರಣಿಯಲ್ಲಿ ಸರ್ಟಿಫಿಕೇಟು ತೋರಿಸಬೇಕು. ಮೀರಿದ್ದಕ್ಕೆ ಪೇಟೆ ಧಾರಣೆಯ ಅರ್ಧದಷ್ಟು ತೆರಿಗೆ. ಹೊಲ ಹೊಲಕ್ಕೆ ಕಾವಲು ಹಾಕದೆ ಗಿರಣಿಯ ಬಾಗಿಲಲ್ಲೇ ಹಿಡಿದದ್ದು ವಕೀಲರ ಜಾಣತನ. ನಮ್ಮಲ್ಲಿ 1990ರ ದಶಕದವರೆಗೆ ನಡೆದ ಕಾಫಿ ಪೂಲ್ ಬೇರೆ ಬಗೆಯದು: ಅದು ಮಾರಾಟವನ್ನು ಹಿಡಿದಿತ್ತು, ಹುಟ್ಟುವಳಿಯನ್ನಲ್ಲ.

ಧಾರಣೆ 12 ಸೆಂಟಿಗೆ ಏರಿತು. ಆದರೆ ಆ ವರ್ಷ ಟೆಕ್ಸಾಸ್ ಕಡೆ ಬರ ಬಿದ್ದು ಫಸಲೇ ಸುಮಾರು 96 ಲಕ್ಷ ಬೇಲ್‌ಗೆ ನಿಂತಿತ್ತು, ಕೋಟಾಕ್ಕಿಂತಲೂ ಕಡಿಮೆ. ಕೀರ್ತಿಯನ್ನು ಕಾನೂನಿಗೆ ಕೊಡಬೇಕೋ ಬರಕ್ಕೆ ಕೊಡಬೇಕೋ! ಅದೇನೇ ಇರಲಿ, ಡಿಸೆಂಬರಿನಲ್ಲಿ ರೈತರ ಮತ ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಕಾನೂನು ಮುಂದುವರಿಯಲಿ ಎಂದರು.

ಪೆಟ್ಟು ಬಿದ್ದದ್ದು ಗೇಣಿಗೆ, ಕೋರಿಗೆ ಮಾಡುವವರಿಗೆ. ಎಕರೆ ಕಡಿಮೆಯಾದಂತೆ ಭೂಮಾಲೀಕರಿಗೆ ಆಳು ಬೇಡವಾದರು. ಪರಿಹಾರದ ಹಣ ಮಾಲೀಕರ ಕೈಯಲ್ಲೇ ಉಳಿದ ಕಡೆಗಳೂ ಬಹಳ. ಅನೇಕ ಸಂಸಾರಗಳು ಬೀದಿಗೆ ಬಿದ್ದವು. 1934ರಲ್ಲೇ ಅರ್ಕನ್ಸಾಸಿನಲ್ಲಿ ಕಪ್ಪು ಬಿಳಿ ಗೇಣಿದಾರರು ಒಟ್ಟುಗೂಡಿ ಸಂಘ ಕಟ್ಟಿದರು.

1936ರಲ್ಲಿ ಸುಪ್ರೀಂ ಕೋರ್ಟು ಇದರ ತಾಯಿಬೇರಾದ ಕೃಷಿ ಕಾನೂನನ್ನು ತಳ್ಳಿಹಾಕಿದ ಮೇಲೆ ಹತ್ತಿ ಕಾನೂನೂ ರದ್ದಾಯಿತು. ಬ್ಯಾಂಕ್‌ಹೆಡ್ ಆಗ ಗೇಣಿದಾರರ ಕಡೆ ತಿರುಗಿದರು. 1937ರಲ್ಲಿ ಟೆಕ್ಸಾಸಿನ ಮಾರ್ವಿನ್ ಜೋನ್ಸ್ ಜೊತೆ ತಂದ ಕಾನೂನಿನಂತೆ ಗೇಣಿದಾರನಿಗೆ ಭೂಮಿ ಕೊಳ್ಳಲು ಶೇಕಡ 3 ಬಡ್ಡಿಗೆ 40 ವರ್ಷದ ಸಾಲ. ಷರತ್ತು ಉತ್ತಮ, ಗಂಟು ಮಾತ್ರ ಸಣ್ಣದು: ಮೊದಲ ವರ್ಷಕ್ಕೆ 1 ಕೋಟಿ ಡಾಲರ್. ದೇಶದ ಗೇಣಿದಾರರು 28 ಲಕ್ಷಕ್ಕೂ ಮೇಲೆ. ತಲೆಗೆ 4 ಡಾಲರೂ ಬೀಳದು.

1946ರ ಜೂನಿನಲ್ಲಿ ಸೆನೆಟರ್ ಆಗಿರುವಾಗಲೇ ಅವರು ತೀರಿಕೊಂಡರು. ಆ ಆಗಸ್ಟಿನಲ್ಲಿ ಈ ಸಾಲದ ಕೆಲಸವನ್ನು ಫಾರ್ಮರ್ಸ್ ಹೋಮ್ ಅಡ್ಮಿನಿಸ್ಟ್ರೇಷನ್ ಎಂಬ ಹೊಸ ಸಂಸ್ಥೆಗೆ ವಹಿಸುವ ಕಾನೂನಾಯಿತು.