ಪ್ರಜ್ಞೆ ಇರುವಾಗಲೇ ಆಡಬೇಕಾದ ಮಾತು

ಓದು, ಉದ್ಯೋಗ, ಮದುವೆ, ಮನೆ ಕಟ್ಟುವುದು ಮುಂತಾದ ವಿಷಯಗಳಲ್ಲಿ ಹತ್ತು ಜನರನ್ನು ಕೇಳಿ, ಜಾತಕ ತೋರಿಸಿ, ಸಾಲದ ಲೆಕ್ಕ ಹಾಕಿ ತೀರ್ಮಾನಕ್ಕೆ ಬರುವ ಕುಟುಂಬಗಳು, ಮನೆಯ ಹಿರಿಯರೊಬ್ಬರು ಗುಣವಾಗದ ಕಾಯಿಲೆಯಿಂದ ಪ್ರಜ್ಞೆ ತಪ್ಪಿ ಮಲಗಿದರೆ ಚಿಕಿತ್ಸೆಯನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂಬ ಪ್ರಶ್ನೆಯನ್ನು ಮಾತ್ರ ಆ ಗಳಿಗೆ ಬರುವವರೆಗೆ ಎತ್ತುವುದಿಲ್ಲ. ಹಿರಿಯರೇ ಮಾತು ತೆಗೆದರೂ ‘ಬಿಡ್ತು ಅನ್ನಿ’ ಎಂದು ಅಲ್ಲಿಗೇ ನಿಲ್ಲಿಸುವುದು ರೂಢಿ. ಹೀಗೆ ಉಳಿದುಹೋದ ಪ್ರಶ್ನೆ ಕೊನೆಗೆ ತೀವ್ರ ನಿಗಾ ಘಟಕದ ಹೊರಗೆ ನಿಂತ ಮಕ್ಕಳ ಮೇಲೆ ಬೀಳುತ್ತದೆ. ತಾಯಿಯೋ ತಂದೆಯೋ ಏನು ಬಯಸಿದ್ದರು ಎಂಬುದು ತಿಳಿಯದ ಕಾರಣ, ‘ಏನೇನು ಸಾಧ್ಯವೋ ಎಲ್ಲವನ್ನೂ ಮಾಡಿ’ ಎನ್ನುವುದರ ಹೊರತು ಬೇರೆ ಮಾತಾಡಲು ಅವರಿಗೆ ಧೈರ್ಯ ಬರುವುದಿಲ್ಲ.

ಈ ಪ್ರಶ್ನೆಯನ್ನು ದೇಶದ ಮುಂದೆ ತಂದಿಟ್ಟದ್ದು ಹೊನ್ನಾವರದ ಸಮೀಪದ ಹಳದೀಪುರದಲ್ಲಿ ಹುಟ್ಟಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಬದುಕು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ನಡೆದ ಬರ್ಬರ ಹಲ್ಲೆಯಿಂದ ಮೆದುಳಿಗೆ ಹಾನಿಯಾಗಿ ಮಲಗಿದ ಅವರು ಮತ್ತೆ ಏಳಲಿಲ್ಲ. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ದಶಕಗಳಿಂದ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಅವರ ಪರವಾಗಿ ಮಾತಾಡಲು ಅರ್ಹರು, ಅವರು ಅರುಣಾ ಬದುಕಿರಬೇಕೆಂದು ಬಯಸುತ್ತಾರೆ ಎಂಬುದು ನ್ಯಾಯಾಲಯದ ಮುಖ್ಯ ಆಧಾರವಾಗಿತ್ತು. ಆ ದಾದಿಯರ ಸೇವೆ ಅಸಾಧಾರಣವಾದದ್ದು. ಆದರೂ ಅಷ್ಟು ದೊಡ್ಡ ವ್ಯಾಜ್ಯದಲ್ಲಿ ಕೇಳಿಸದೇ ಹೋದದ್ದು ಅರುಣಾ ಅವರ ದನಿಯೊಂದೇ. ಇಪ್ಪತ್ತೈದರ ಹರೆಯದಲ್ಲಿ ಅಂಥ ಮಾತನ್ನು ಯಾರೂ ಬರೆದಿಡುವುದಿಲ್ಲ, ಆಗ ಬರೆದಿಟ್ಟಿದ್ದರೂ ಅದಕ್ಕೆ ಕಾನೂನಿನ ಮನ್ನಣೆ ಇರಲಿಲ್ಲ. ಅವರು 2015ರ ಮೇ 18ರಂದು ತೀರಿಕೊಂಡರು.

ಆ ಮನ್ನಣೆ ಬಂದದ್ದು 2018ರ ಮಾರ್ಚ್ 9ರಂದು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೇ ಎಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ತೀರ್ಪಿತ್ತು, ‘ಮುಂಗಡ ವೈದ್ಯಕೀಯ ನಿರ್ದೇಶನ’ಕ್ಕೆ ದಾರಿ ಮಾಡಿತು. ‘ಲಿವಿಂಗ್ ವಿಲ್’ ಎಂದೂ ಕರೆಯುವ ಈ ನಿರ್ದೇಶನವೆಂದರೆ, ತಾನು ಚೇತರಿಸಿಕೊಳ್ಳುವ ಆಸೆಯಿಲ್ಲದ ಸ್ಥಿತಿಗೆ ತಲುಪಿ ತೀರ್ಮಾನಿಸುವ ಶಕ್ತಿಯನ್ನೂ ಕಳೆದುಕೊಂಡಾಗ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಯಾರು ಒಪ್ಪಿಗೆ ಕೊಡಬೇಕು ಎಂಬುದನ್ನು ಸ್ವಸ್ಥಚಿತ್ತದ ವಯಸ್ಕರು ಸ್ವಇಚ್ಛೆಯಿಂದ ಬರೆದಿಡುವ ಪತ್ರ. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಇಂದಿಗೂ ಅಪರಾಧವೇ. ಮೊದಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮವೂ ಜಿಲ್ಲಾಧಿಕಾರಿ ರಚಿಸುವ ಮಂಡಳಿಯೂ ಸೇರಿ ಹಕ್ಕು ಕಾಗದದಲ್ಲೇ ಉಳಿದಿತ್ತು; 2023ರ ಜನವರಿ 24ರಂದು ನ್ಯಾಯಾಲಯ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿರ್ದೇಶನ ಜಾರಿಗೆ ಬರುವ ಹೊತ್ತಿಗೆ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಂದರ ನಂತರ ಒಂದು ರೋಗಿಯ ಸ್ಥಿತಿಯನ್ನು ಪರಿಶೀಲಿಸಿ, ಪ್ರತಿಯೊಂದೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ಎರಡನೆಯ ಮಂಡಳಿಯಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರಿರಬೇಕೆಂಬ ಷರತ್ತಿಗೆ ತಕ್ಕ ವ್ಯವಸ್ಥೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿ ರೂಪಿಸಿತು.

ಇದನ್ನು ಪರದೇಶದ ಚಿಂತನೆಯೆಂದು ದೂರವಿಡುವವರು ಶ್ರವಣಬೆಳಗೊಳದ ಚಂದ್ರಗಿರಿಯನ್ನು ನೆನೆಯಬಹುದು. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಅಲ್ಲಿ ಸಲ್ಲೇಖನ ವ್ರತದಿಂದ, ಅಂದರೆ ಆಹಾರವನ್ನು ಕ್ರಮವಾಗಿ ತೊರೆಯುವ ಜೈನ ವ್ರತದಿಂದ, ದೇಹ ಬಿಟ್ಟನು. ಅದಕ್ಕೆ ಕೆಲವು ವರ್ಷ ಮೊದಲು ಗಂಗರ ಮಾರಸಿಂಹ ಬಂಕಾಪುರದಲ್ಲಿ ಅದೇ ಹಾದಿ ಹಿಡಿದಿದ್ದನು. ವ್ರತದ ಗುರಿ ಆಧ್ಯಾತ್ಮಿಕ, ನಿರ್ದೇಶನದ್ದು ಲೌಕಿಕ, ಎರಡನ್ನೂ ಒಂದೆನ್ನುವಂತಿಲ್ಲ. ಆದರೆ ಸಲ್ಲೇಖನವನ್ನು ಯಾರೂ ಒಬ್ಬಂಟಿಯಾಗಿ ಕೈಗೊಳ್ಳುತ್ತಿರಲಿಲ್ಲ: ಗುರುವಿನ ಅನುಮತಿ ಬೇಕಿತ್ತು, ಕೊನೆಯವರೆಗೆ ಬಳಿಯಲ್ಲಿದ್ದು ನೋಡಿಕೊಳ್ಳುವವರಿರುತ್ತಿದ್ದರು. ಬಹಳ ಯೋಚಿಸಿ ಮಾಡಿದ ನಿರ್ಧಾರಕ್ಕೂ ಇನ್ನೊಬ್ಬರ ಪರೀಕ್ಷೆ ಬೇಕೆಂಬ ಆ ವಿವೇಕವೇ ಇಂದಿನ ಪತ್ರಗಳಲ್ಲಿ ಹೆಚ್ಚಾಗಿ ಕಾಣದಿರುವುದು.

‘ನನಗೆ ವೆಂಟಿಲೇಟರ್ ಬೇಡ’ ಎಂಬ ಒಂದೇ ಸಾಲನ್ನು ಬರೆದು ಕೆಲಸ ಮುಗಿಯಿತೆಂದುಕೊಳ್ಳುವುದು ಈ ವಿಷಯದಲ್ಲಿ ಆಗುವ ದೊಡ್ಡ ತಪ್ಪು. ಉಸಿರಾಟಕ್ಕೆ ನೆರವಾಗುವ ಆ ಯಂತ್ರ ನ್ಯುಮೋನಿಯಾ ಬಂದ ವ್ಯಕ್ತಿಯನ್ನು ಕೆಲವು ದಿನಗಳ ಮಟ್ಟಿಗೆ ದಾಟಿಸಿ ಮನೆಗೆ ಮರಳಿಸಬಹುದು; ಹಬ್ಬಿದ ಕ್ಯಾನ್ಸರಿನ ಕೊನೆಯ ಘಟ್ಟದಲ್ಲಿ ಅದೇ ಯಂತ್ರ ಸಾವಿನ ಪ್ರಕ್ರಿಯೆಯನ್ನಷ್ಟೇ ಹಿಗ್ಗಿಸಬಹುದು. ಡಯಾಲಿಸಿಸ್, ಮೂಗಿನ ನಳಿಕೆಯ ಮೂಲಕ ಕೊಡುವ ಆಹಾರ, ನಿಂತ ಹೃದಯವನ್ನು ಎದೆಯೊತ್ತಿ ಮತ್ತೆ ನಡೆಸುವ ಯತ್ನ, ಇವೆಲ್ಲವೂ ಹಾಗೆಯೇ. ಆದ್ದರಿಂದ ಸಾಧನಗಳ ಹೆಸರಿಗಿಂತ ಮೊದಲು ಹೇಳಬೇಕಾದದ್ದು ಎಂಥ ಬದುಕು ತನಗೆ ಒಪ್ಪಿಗೆ, ಎಂಥದ್ದು ಅಲ್ಲ ಎಂಬುದನ್ನು: ಮನೆಯವರ ಗುರುತು ಹತ್ತುವಷ್ಟು ಅರಿವು ಉಳಿದರೆ ಹಾಸಿಗೆಯಲ್ಲಿದ್ದರೂ ಸರಿಯೇ, ಅರಿವೇ ಮರಳದೆಂದು ವೈದ್ಯರು ಖಚಿತವಾಗಿ ಹೇಳಿದ ಮೇಲೂ ಯಂತ್ರಗಳ ಮೇಲೆ ಇಟ್ಟುಕೊಳ್ಳಬೇಕೇ, ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯಬೇಕೇ ಎಂಬಂಥವನ್ನು. ಚಿಕಿತ್ಸೆ ನಿಲ್ಲಿಸಿದರೂ ನೋವು ಮತ್ತು ಉಬ್ಬಸ ತಗ್ಗಿಸುವ ಉಪಶಾಮಕ ಆರೈಕೆ ಮುಂದುವರಿಯಬೇಕು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಸೇರಿಸುವುದು ಅಗತ್ಯ, ಏಕೆಂದರೆ ಚಿಕಿತ್ಸೆ ಬೇಡವೆಂದರೆ ಕೈಬಿಟ್ಟಂತೆ ಎಂಬ ಭಯವೇ ಅನೇಕ ಮಕ್ಕಳನ್ನು ಸಹಿ ಹಾಕದಂತೆ ತಡೆಯುತ್ತದೆ.

ಪರವಾಗಿ ಮಾತಾಡುವವರ ಆಯ್ಕೆಯೂ ಇಷ್ಟೇ ಮಹತ್ವದ್ದು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು 2023ರ ತೀರ್ಪು ಅವಕಾಶ ಕೊಟ್ಟಿದೆ. ಹಿರಿಯ ಮಗನೆಂಬ ಕಾರಣಕ್ಕೆ ಹೆಸರು ಬರೆಯುವುದಕ್ಕಿಂತ, ಆಸ್ಪತ್ರೆಯ ಗದ್ದಲದಲ್ಲಿ ಸ್ಥಿಮಿತ ಕಳೆದುಕೊಳ್ಳದವರನ್ನು, ತಮ್ಮ ಆಸೆಯನ್ನು ರೋಗಿಯ ಆಸೆಯೊಂದಿಗೆ ಬೆರೆಸದವರನ್ನು ಆರಿಸಬೇಕು. ಅದು ದೂರದ ದೇಶದಲ್ಲಿರುವ ಮಗನ ಬದಲು ಅದೇ ಬೀದಿಯಲ್ಲಿರುವ ಸೊಸೆಯೋ ತಂಗಿಯೋ ಆಗಿರಬಹುದು. ಉಳಿದವರಿಗೂ ಈ ಆಯ್ಕೆಯನ್ನು ಬರೆದವರೇ ಬಾಯಿಬಿಟ್ಟು ಹೇಳಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆ ಕಡಿಮೆ. ಕಾಯಿಲೆಯೊಂದು ಪತ್ತೆಯಾದಾಗಲೋ ಸಂಗಾತಿ ತೀರಿಕೊಂಡಾಗಲೋ ಮನಸ್ಸು ಬದಲಾಗುವುದು ಸಹಜವಾದ್ದರಿಂದ, ನಿರ್ದೇಶನವನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದಾಗಿ ಸಹಿ ಮಾಡಿದ್ದೇ ನಡೆಯುತ್ತದೆ. ನಿರ್ದೇಶನದ ಒಂದು ನಕಲನ್ನು ಪಂಚಾಯಿತಿ ಅಥವಾ ನಗರಾಡಳಿತದ ನಿಯೋಜಿತ ಅಧಿಕಾರಿಗೆ ಒಪ್ಪಿಸುವುದು ನಿಯಮ. ಹೆಸರಿಸಿದವರ ಬಳಿ ಮತ್ತು ಕುಟುಂಬದ ವೈದ್ಯರ ಬಳಿಯೂ ಒಂದೊಂದು ಇದ್ದರೆ, ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಬೀರುವಿನ ಕೀಲಿಗಾಗಿ ಹುಡುಕಾಡಬೇಕಾಗಿಲ್ಲ.